ಉಂಡವರು

ಕೀಲಾರದ ನಾಲೆ ಬಯಲಿನ ಮಣ್ಣು.
ಡಬ್ಬಿಯ ಮುಚ್ಚಳ ತೆಗೆದರೆ
ನೆಂದ ಹುಲ್ಲಿನ, ಹಳೇ ಕೊಟ್ಟಿಗೆಯ ವಾಸನೆ.
ಒಂದು ಚಿಟಿಕೆಯೊಳಗೆ
ಮಂಡ್ಯ ಜಿಲ್ಲೆಯ ಜನಕ್ಕಿಂತ ಹೆಚ್ಚು ಜೀವ.
ಹೆಸರಿನ ಪಟ್ಟಿ ಹೋದ ವರ್ಷವೇ ಬಂದಿದೆ,
ನಲವತ್ತು ಪುಟ:
ಅದರಲ್ಲಿ ಸತ್ತವರಿದ್ದಾರೆ, ನಿದ್ದೆ ಹೋದವರಿದ್ದಾರೆ,
ಹೋದ ಬೆಳೆಗೇ ಕೆಲಸ ಬಿಟ್ಟು
ಹೆಸರು ಮಾತ್ರ ಉಳಿಸಿಕೊಂಡವರಿದ್ದಾರೆ.
ನನಗೆ ಬೇಕಾದದ್ದು ಒಂದೇ,
ಈ ಹೊತ್ತು, ಈ ಕೆಸರಲ್ಲಿ
ದುಡಿಯುತ್ತಿರುವವರು ಯಾರು?

ನಿಂತ ನೀರಿನ ಭತ್ತದ ಗದ್ದೆ ಉಸಿರು ಬಿಡುತ್ತದೆ.
ಕಾಲಿಟ್ಟರೆ ಗುಳುಗುಳು.
ಗುಳ್ಳೆ ಒಡೆದು ಬಾನಿಗೆ ಸೇರಿದರೆ ಲೋಕಕ್ಕೆ ಸೆಕೆ.
ಸೇರುವ ಮುನ್ನ, ಬೇರಿನ ಮಗ್ಗುಲಲ್ಲಿ ಕೂತು
ಯಾರೋ ಅದನ್ನು ತಿನ್ನುತ್ತಾರೆ.
ಎಲ್ಲವನ್ನೂ ಅಲ್ಲ.
ಕೈಲಾದಷ್ಟು.

ಕಳೆ ಕೀಳುತ್ತಿದ್ದ ದೊಡ್ಡತಾಯಮ್ಮ
ಸೊಂಟ ನೆಟ್ಟಗೆ ಮಾಡಿ ಕೇಳಿದ್ದಳು:
'ಮಣ್ಣ ಡಬ್ಬಿಗ್ ತುಂಬ್ಕಂಡು ಏನ್ ಮಾಡೀಯವ್ವ?'
ಒಳಗೆ ಯಾರು ಉಣ್ತಾರೆ ನೋಡ್ತೀನಿ, ಅಂದೆ.
'ಉಂಡೋರ್ನ ಕಂಡ್‌ಹಿಡಿಯಾದೇನ್ ಕಷ್ಟ?
ಭಾರ ಆಗಿರ್ತರೆ. ಎದ್ದೇಳಕಾಗಕಿಲ್ಲ.'
ಮೇಡಂ ಮೂರು ತರಗತಿ ಹಿಡಿದು ಹೇಳಿದ್ದೂ
ಇಷ್ಟೇ.

ಇಂಗಾಲವೆಂದರೆ ಮಾಮೂಲಿಗೆ ಹನ್ನೆರಡು.
ನೂರಕ್ಕೊಂದು ಹದಿಮೂರು.
ಅದೇ ರುಚಿ, ಅದೇ ನಡತೆ,
ಒಂದು ಕಾಳು ತೂಕ ಜಾಸ್ತಿ.
ಬರೀ ಹದಿಮೂರನ್ನೇ ಆಯ್ದು ಮಾಡಿದ ಅನಿಲ
ಗೇಣುದ್ದದ ಸಿಲಿಂಡರಿನಲ್ಲಿ ಬಂತು,
ನನ್ನ ನಾಲ್ಕು ತಿಂಗಳ ಸ್ಕಾಲರ್‌ಶಿಪ್ಪನ್ನು ನುಂಗಿ.
ಎರಡು ಬಾಟಲಿಗೆ ಒಂದೇ ಗದ್ದೆಯ ಮಣ್ಣು ಹಾಕಿ
ರಬ್ಬರ್ ಬಿರಡೆಗೆ ಸೂಜಿ ಚುಚ್ಚಿ
ಒಂದಕ್ಕೆ ಮಾಮೂಲಿ ಊಟ ಬಡಿಸಿದೆ,
ಒಂದಕ್ಕೆ ಭಾರದ್ದು.
ಕತ್ತಲ ಕೋಣೆ. ಹನ್ನೊಂದು ದಿನ.
ಅದಕ್ಕಿಂತ ಬಿಡಬಾರದು:
ತಡವಾದರೆ
ಉಂಡವರನ್ನು ಉಂಡವರೂ ಭಾರವಾಗುತ್ತಾರೆ,
ಆಮೇಲೆ ದುಡಿದವರು ಯಾರು,
ದುಡಿದವರನ್ನು ತಿಂದು ಕೊಬ್ಬಿದವರು ಯಾರು,
ಯಾವ ಯಂತ್ರವೂ ಹೇಳಲಾರದು.

ಯಂತ್ರದ ಹಣೆಯಲ್ಲಿ
ಆಯುಧಪೂಜೆಯ ಕುಂಕುಮ ಇನ್ನೂ ಇತ್ತು.
ಸೋಮಾಚಾರಿ ಬಾಗಿಲು ಹಾಕಿ, ಒರೆಸಿ,
'ಕರೆಂಟು ಹೋಗದಿದ್ರೆ ಸಾಕು' ಅಂದ.
ಸೀಸಿಯಂ ಉಪ್ಪುನೀರಿನಲ್ಲಿ ಜೀವದ ನೂಲು
ನಲವತ್ತು ಗಂಟೆ ಗಿರ್ರೆಂದು ತಿರುಗಿತು.
ಹೊರಗೆ ರಸ್ತೆಯಲ್ಲಿ ಕಬ್ಬಿನ ಲಾರಿಗಳು,
ಒಳಗೆ ನಾನು, ಬನ್ನು, ಆರಿದ ಟೀ.
ಹಗುರದ್ದು ಮೇಲೆ, ಭಾರದ್ದು ಕೆಳಗೆ.
ತಳಕ್ಕೆ ಸೂಜಿ ಚುಚ್ಚಿ
ಹನಿ ಹನಿಯಾಗಿ ಹದಿನಾಲ್ಕು ಕೊಳವೆಗೆ ಇಳಿಸಿದೆ.
ಕಣ್ಣಿಗೆ ಏನೂ ಕಾಣದು.
ನೀರು, ನೀರು, ಎಲ್ಲ ಬರೀ ನೀರು.

ತಿಂಗಳಾದ ಮೇಲೆ ಫಲಿತಾಂಶ.
ನಲವತ್ತು ಪುಟದ ಮೊದಲ ಸಾಲಿನವನು,
ಎಲ್ಲರಿಗಿಂತ ಹೆಚ್ಚು ಸಂಖ್ಯೆಯವನು,
ಮೇಲೆಯೇ ತೇಲುತ್ತಿದ್ದ, ಹಗುರ, ಏನೂ ಮುಟ್ಟದೆ.
ತಳದಲ್ಲಿ ಸಿಕ್ಕದ್ದು
ಮುನ್ನೂರ ಆರನೇ ಸಾಲಿನದು.
ಹೆಸರಿಲ್ಲ. ಒಂದು ಅಂಕಿ, ಒಂದು ಅಡ್ಡಗೆರೆ.
ಎರಡು ಸಲ ಮತ್ತೆ ಮಾಡಿದೆ. ಅದೇ.

ಒಪ್ಪಿಗೆ ಪತ್ರಕ್ಕೆಂದು
ನಾಡಕಚೇರಿಯಿಂದ ಪಹಣಿ ತೆಗೆಸಿದ್ದು ಆ ವಾರವೇ.
ಮಾಲೀಕರು: ಮರಿಲಿಂಗೇಗೌಡ,
ಮೈಸೂರಿನ ಸರಸ್ವತೀಪುರಂ ಸೇರಿ ಹತ್ತೊಂಬತ್ತು ವರ್ಷ.
ಹನ್ನೆರಡನೇ ಕಾಲಂ, ಸಾಗುವಳಿ ಮಾಡುವವರ ಹೆಸರು:
ಮರಿಲಿಂಗೇಗೌಡ.
ಹಾಳೆ ತಿರುಗಿಸಿ ನೋಡಿದೆ.
ಹಿಂದೆ ಖಾಲಿ.

ಮತ್ತೆ ಮಣ್ಣಿಗೆಂದು ಹೋದಾಗ
ಬದುವಿನ ಮೇಲೆ ಮುದ್ದೆ ಮುರಿಯುತ್ತಿದ್ದಳು.
'ಸಿಕ್ಕುದ್ರಾ?'
ಸಿಕ್ಕಿದ್ರು. ಹೆಸರು ಗೊತ್ತಿಲ್ಲ.
'ಹೆಸ್ರು ಕಟ್ಕಂಡು ಏನವ್ವ' ಅನ್ನುತ್ತಾಳೆಂದುಕೊಂಡೆ.
ಅನ್ನಲಿಲ್ಲ.
ನಾಲೆಯಲ್ಲಿ ಕೈ ತೊಳೆದು, ಸೀರೆ ಮೇಲೆ ಕಟ್ಟಿ,
'ಇಡು ಮತ್ತೆ ಒಂದ' ಅಂದಳು,
'ಚೆಂದಾಗಿರಾದು.'
ಗದ್ದೆಗಿಳಿದಳು.
ಅವಳು ಎತ್ತಿದ ಹೆಜ್ಜೆಯೊಳಗೆ ನೀರು ತುಂಬಿ
ಒಂದೆರಡು ಗುಳ್ಳೆ ಎದ್ದವು.
ಏಳಬೇಕಾದಷ್ಟಲ್ಲ.